ಪುಟ್ಟಿಗಿಂತ ಒಂದು ದಿನ ಜಾಸ್ತಿ

ಬೀದಿಯವರೆಲ್ಲ ಅವರನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಬೆಳಗ್ಗೆ ಎದ್ದವರೇ ಪಾರ್ಕು ಸುತ್ತಿ ಬಂದು, ಕಿಟಕಿಯ ಸರಳು ಹಿಡಿದು ಬಸ್ಕಿ ಹೊಡೆಯುತ್ತಿದ್ದರು. ಸಕ್ಕರೆ ಬಿಟ್ಟು ಯಾವ ಕಾಲವಾಗಿತ್ತೋ. ನೆನೆಸಿದ ಕಾಳು, ಸೊಪ್ಪು, ಮೊಟ್ಟೆ. ಊಟವಾದ ಮೇಲೆ, ರಕ್ತ ಪರೀಕ್ಷೆ ನೋಡಿ ಡಾಕ್ಟರು ಬರೆದುಕೊಟ್ಟ ಕ್ಯಾಲ್ಸಿಯಂ, ವಿಟಮಿನ್ ಮಾತ್ರೆ. ಯಾರಾದರೂ ಜಾಹೀರಾತಿನ ಪುಡಿ ತಂದುಕೊಟ್ಟರೆ, "ಅದನ್ನ ನೀವೇ ತಿಂದು ಚೆನ್ನಾಗಿರಿ" ಎಂದು ಹಿಂದಕ್ಕೆ ಕೊಡುತ್ತಿದ್ದರು.

"ನೂರು ವರ್ಷಕ್ಕೆ ಗುತ್ತಿಗೆ ಹಿಡಿದಿದೀಯೇನಕ್ಕಾ?" ಎಂದು ಅವರ ತಮ್ಮ ಕಾಲೆಳೆಯುತ್ತಿದ್ದ.

"ನೂರು ಯಾಕೋ? ಪುಟ್ಟಿಗಿಂತ ಒಂದು ದಿನ ಜಾಸ್ತಿ ಇದ್ರೆ ಸಾಕು."

ಮಗಳು ಪುಟ್ಟಿಗೆ ನಲವತ್ತಾರು ವರ್ಷ. ಹುಟ್ಟಿದಾಗಿನಿಂದ ನಡೆದವಳಲ್ಲ, 'ಅಮ್ಮ' ಎನ್ನುವುದು ಬಿಟ್ಟರೆ ಬೇರೆ ಮಾತು ಬಾರದು. ಅವಳನ್ನು ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತಿ ಕೂರಿಸಬೇಕು. ತಾನೇ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಅವಳನ್ನು ಎತ್ತುವವರು ಯಾರು? ತಾನು ಕಣ್ಣು ಮುಚ್ಚಿದ ಮೇಲೆ ಅವಳು ಯಾರ ಕೈಗೆ ಬೀಳುತ್ತಾಳೆ? ಬಸ್ಕಿ, ಕಾಳು, ಮಾತ್ರೆ ಎಲ್ಲವೂ ಈ ಹೆದರಿಕೆಗೇ ಹುಟ್ಟಿಕೊಂಡಿದ್ದವು.

ಆ ಚಳಿಗಾಲ ಪುಟ್ಟಿಗೆ ಕೆಮ್ಮು ಹಿಡಿಯಿತು. ಹಿಡಿದದ್ದು ಬಿಡಲಿಲ್ಲ, ಎದೆಗಿಳಿಯಿತು. ಆಸ್ಪತ್ರೆಯಲ್ಲಿ ಅಮ್ಮನ ಬೆರಳು ಹಿಡಿದುಕೊಂಡೇ ಮಲಗಿದ್ದವಳ ಹಿಡಿತ ಒಂದು ಮಧ್ಯಾಹ್ನ ಸಡಿಲವಾಯಿತು.

ಬೇಡಿಕೊಂಡದ್ದೇ ಆಗಿತ್ತು. ಮಾತಾಡಿಸಲು ಬಂದವರೂ ಅದನ್ನೇ ಹೇಳಿದರು: "ನಿಮ್ಮ ಕಣ್ಣೆದುರೇ ಹೋದಳಲ್ಲ, ಅಷ್ಟೇ ಸಮಾಧಾನ." ಟೈಲರಮ್ಮ ತಲೆಯಾಡಿಸಿದರು, ಅಳಲಿಲ್ಲ. ಆದರೆ ಬೆಳಗಾದರೆ ಅವರ ತೋಳುಗಳು ತಾವಾಗಿಯೇ ಖಾಲಿ ಮಂಚದ ಕಡೆ ಚಾಚುತ್ತಿದ್ದವು.

ಪಾರ್ಕಿಗೆ ಹೋಗುವುದು ನಿಂತಿತು. ಅಡುಗೆಮನೆಯಲ್ಲಿ ನೆನೆಹಾಕಿದ್ದ ಕಾಳು ಹುಳಿತು ನಾರಿತು. ಅಕ್ಕನ ಜೊತೆಗಿರಲೆಂದು ಬಂದ ತಮ್ಮ ಅದನ್ನು ಚೆಲ್ಲಿ ಪಾತ್ರೆ ತೊಳೆದ. ಆಮೇಲೆ ಮಾತ್ರೆಯನ್ನೂ ನೀರಿನ ಲೋಟವನ್ನೂ ತಂದು ಹಿಡಿದ.

"ತಗೋ ಅಕ್ಕ. ಶಕ್ತಿ ಬೇಕಲ್ಲ."

"ಯಾರನ್ನ ಎತ್ತೋಕೆ?"

ಅವನು ಲೋಟವನ್ನು ಇನ್ನಷ್ಟು ಹತ್ತಿರ ಹಿಡಿದ. "ನನಗೂ ಅಂತ ಇರೋದು ನೀನೊಬ್ಬಳೇ" ಎಂದ. ಅವರು ಅವನ ಕೈಯಿಂದ ಲೋಟ ತೆಗೆದುಕೊಂಡು ಮಾತ್ರೆ ನುಂಗಿದರು.

ಬೇಸಗೆಗೆ ಮುಂಚೆ ಅವನೇ ಒತ್ತಾಯ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಹೊಸ ಡಾಕ್ಟರು, ಹುಡುಗಿ. ಎಕ್ಸ್‌ರೇ, ರಿಪೋರ್ಟು ಎಲ್ಲ ನೋಡಿ ಮುಖವರಳಿಸಿದಳು.

"ಅಮ್ಮಾ, ನಿಮ್ಮ ಮೂಳೆ ಐವತ್ತರವರ ಥರ ಗಟ್ಟಿಯಾಗಿದೆ. ಇನ್ನೂ ಇಪ್ಪತ್ತು ವರ್ಷ ನಿಮಗೇನೂ ಯೋಚನೆ ಇಲ್ಲ."

"ಇಪ್ಪತ್ತು ವರ್ಷ" ಎಂದರು ಟೈಲರಮ್ಮ. ಮಗಳು ಹೋದ ದಿನವೂ ಅಳದವರು ಆ ಕುರ್ಚಿಯಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತರು. ತಾನೇನು ತಪ್ಪು ಮಾತಾಡಿದೆನೋ ಎಂದು ಡಾಕ್ಟರು ತಮ್ಮನ ಮುಖ ನೋಡಿದಳು.

ಹೊರಗೆ ಬಂದಾಗ ಅವನು ಮಂಡಿ ಹಿಡಿದುಕೊಂಡು, ಮೆಟ್ಟಿಲ ಮೇಲೆ ಅಲ್ಲಲ್ಲಿ ನಿಂತು ಸುಧಾರಿಸಿಕೊಂಡ. ಅವರ ಕಾಲುಗಳು ಒಂದಿಷ್ಟೂ ತಡವರಿಸದೆ ಸಲೀಸಾಗಿ ಇಳಿದವು. ಆ ಕಾಲುಗಳ ಮೇಲೆ ಅವರಿಗೆ ಸಿಟ್ಟೇ ಬಂತು. ಕೆಳಗೆ ಬಿಸಿಲಿನಲ್ಲಿ, ತಮ್ಮ ಇಳಿದು ಬರುವವರೆಗೆ ಕಾಯುತ್ತ ನಿಂತರು.