ಹನ್ನೆರಡನೇ ಕಂತಿನ ಕಳ್ಳ

ಸೈಬುವಾ ಬರೆಯುತ್ತಿದ್ದ ಧಾರಾವಾಹಿಯಲ್ಲಿ ಕಳ್ಳತನ ಗಟ್ಟಿಯಾಗಿ ನಿಂತಿತ್ತು, ಕಳ್ಳ ಮಾತ್ರ ನಿಲ್ಲುತ್ತಿರಲಿಲ್ಲ. ಖೋಂಗ್ ನದಿಯ ದಂಡೆಯ ಗುಡಿಯೊಂದರಿಂದ ನಾಗನ ಪಂಚಲೋಹದ ಮೂರ್ತಿ ಮಾಯವಾಗುತ್ತದೆ. ಅದನ್ನು ಹುಡುಕಿಕೊಂಡು ಪಾತಾಳದ ನಾಗರಾಜಕುಮಾರ ಕಾಲೇಜು ಹುಡುಗನ ವೇಷದಲ್ಲಿ ಮೇಲೆ ಬರುತ್ತಾನೆ. ತನಿಖೆಗೆ ಬರುವ ಇನ್ಸ್‌ಪೆಕ್ಟರು ಹಿಂದಿನ ಜನ್ಮದಲ್ಲಿ ಗರುಡ. ಸಾವಿರ ವರ್ಷದ ಹಗೆ ಮೊದಲ ಕಂತಿನ ಹತ್ತನೇ ನಿಮಿಷಕ್ಕೆ ಪ್ರೀತಿಯಾಗುತ್ತದೆ. ಆಮೇಲೆ ಹತ್ತು ಕಂತು ಅವರಿಬ್ಬರೂ ಮಳೆಯಲ್ಲಿ ನೆನೆದು, ಒಬ್ಬರ ಗಾಯಕ್ಕೆ ಒಬ್ಬರು ಪಟ್ಟಿ ಕಟ್ಟಿ, ಮುತ್ತಿಡುವ ಹೊತ್ತಿಗೆ ಸರಿಯಾಗಿ ಫೋನ್ ಬಂದು ಬೇರೆಯಾಗಿ, ದೇಶದ ಹುಡುಗಿಯರ ನಿದ್ದೆ ಕೆಡಿಸಿದ್ದರು. ಪ್ರಾಯೋಜಕರು ದಿಢೀರ್ ನೂಡಲ್ಸ್ ಕಂಪನಿಯವರಾದ್ದರಿಂದ ರಾಜಕುಮಾರ ಪಾತಾಳದ ಅರಮನೆಯಲ್ಲೂ ಹಬೆಯಾಡುವ ಬಟ್ಟಲು ಹಿಡಿದು ಕೂತಿರುತ್ತಿದ್ದ. ನದಿಯ ತಳದಲ್ಲಿ ಒಲೆ ಹೇಗೆ ಉರಿಯಿತು ಎಂದು ಯಾರೂ ಕೇಳಲಿಲ್ಲ. ಮೂರ್ತಿ ಕದ್ದವರು ಯಾರು ಎಂದೂ ಹೆಚ್ಚಿನವರು ಕೇಳುತ್ತಿರಲಿಲ್ಲ. ಪ್ರತಿ ಶನಿವಾರ ಬೆಳಗ್ಗೆ ಫೋನ್ ಮಾಡಿ ಅದನ್ನೇ ಕೇಳುತ್ತಿದ್ದವನು ಒಬ್ಬ ಮುದುಕ, ಸೈಬುವಾಳ ಅಪ್ಪ ಖಾಮ್‌ಪನ್.

ಅವನು ಕೇಳುವುದಕ್ಕೆ ಕಾರಣವಿತ್ತು. ಮೂವತ್ತೊಂದು ವರ್ಷದ ಹಿಂದೆ ಅವರ ಊರಿನ ನಾಗನ ಗುಡಿಯಿಂದ ಮೂರ್ತಿ ನಿಜವಾಗಿಯೂ ಕಳುವಾಗಿತ್ತು. ಗುಡಿಯ ಕಸ ಗುಡಿಸಿ, ಹೂವಿಟ್ಟು, ನೀರು ಬದಲಿಸುತ್ತಿದ್ದವನು ಖಾಮ್‌ಪನ್. ಹಿಂದಿನ ಸಂಜೆ ಗುಡಿಯ ಹಿಂದೆ ನಿಂತಿದ್ದ ಠಾಣಾಧಿಕಾರಿಯ ಜೀಪಿನ ಬಗ್ಗೆ ಊರವರು ನಾಲ್ಕು ದಿನ ಪಿಸುಗುಟ್ಟಿದರು, ಐದನೇ ದಿನ ಖಾಮ್‌ಪನ್‌ನನ್ನು ಹಿಡಿದ ಮೇಲೆ ಪಿಸುಮಾತೂ ನಿಂತಿತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ಹಾಗೆ. ಅವನು ನಾಲ್ಕು ವರ್ಷ ಜೈಲಿನಲ್ಲಿದ್ದು ಬಂದ. ಆಮೇಲೆ ಗುಡಿಯ ಪೊರಕೆ ಮುಟ್ಟಲು ಅವನನ್ನು ಯಾರೂ ಬಿಡಲಿಲ್ಲ. ಮೀನುಬಲೆ ಹೊಲಿದುಕೊಂಡು ಬದುಕಿದ.

ಆ ಕಥೆಯನ್ನು ಹೊತ್ತುಕೊಂಡು ಸೈಬುವಾ ಬ್ಯಾಂಕಾಕಿನ ಕಂಪನಿಗಳ ಮೆಟ್ಟಿಲನ್ನು ಆರು ವರ್ಷ ಸವೆಸಿದ್ದಳು. ಮುದುಕ ಗುಡಿಸುವವನ ಕಥೆ ಯಾರಿಗೆ ಬೇಕು. ಕೊನೆಗೆ ನಿರ್ಮಾಪಕಿ ಪಿಯಾದಾ ಕನ್ನಡಕದ ಮೇಲಿಂದ ನೋಡಿ ಕೇಳಿದ್ದಳು.

"ಇದರಲ್ಲಿ ಇಬ್ಬರು ಚೆಂದದ ಹುಡುಗರು ಇದಾರಾ?"

"ಇಲ್ಲ ಅಕ್ಕ."

"ಹಾಕು. ಆಮೇಲೆ ಯಾರು ಬೇಕಾದ್ರೂ ಏನು ಬೇಕಾದ್ರೂ ಕದ್ದುಕೊಳ್ಳಲಿ."

ಸೈಬುವಾ ಹಾಕಿದಳು. ನಾಗನಾಗಿ ಫೀಮ್, ಗರುಡನಾಗಿ ತೊನ್ ಎಂಬ ಹುಡುಗರು ಬಂದರು. ಅಭಿಮಾನಿಗಳು ಇಬ್ಬರ ಹೆಸರನ್ನೂ ಕೂಡಿಸಿ ಒಂದೇ ಹೆಸರು ಮಾಡಿದರು. ಕಥೆಯ ಒಳಗೆ, ಅಷ್ಟೆಲ್ಲ ಸಕ್ಕರೆಯ ಕೆಳಗೆ, ಅವಳು ತನ್ನ ಕಹಿಗುಳಿಗೆಯನ್ನು ಇಟ್ಟಿದ್ದಳು: ಹನ್ನೆರಡನೇ ಕಂತಿನಲ್ಲಿ ಕಳ್ಳ ಠಾಣಾಧಿಕಾರಿಯೇ ಎಂದು ಬಯಲಾಗುತ್ತದೆ. "ಕೊನೇ ಕಂತು ನೋಡು ಅಪ್ಪ, ಹೇಳ್ತೀನಿ" ಎಂದು ಮಾತು ಕೊಟ್ಟಿದ್ದಳು.

ಆ ಗುಳಿಗೆಯನ್ನು ಮೊದಲು ಕಂಡುಹಿಡಿದವರು ಕರ್ನಲ್ ತವಾತ್. ಇವರು ಪೊಲೀಸಿನಿಂದ ನಿವೃತ್ತರಾಗಿ ಧಾರಾವಾಹಿಗಳಿಗೆ ಸಲಹೆಗಾರರಾಗಿದ್ದವರು. ಅವರ ಸಹಿ ಇಲ್ಲದೆ ಶೂಟಿಂಗಿಗೆ ಸಮವಸ್ತ್ರವೂ ಇಲ್ಲ, ಜೀಪೂ ಇಲ್ಲ. "ನೋಡಮ್ಮ, ಸಮವಸ್ತ್ರಕ್ಕೆ ಕೆಸರು ಹತ್ತಬಹುದು, ತೊಳೀಬಹುದು. ಒಳಗಿರೋನಿಗೆ ಹತ್ತಬಾರದು" ಎಂದರು. ಸೈಬುವಾ ಕಳ್ಳನನ್ನು ಜಿಲ್ಲೆಯ ರಾಜಕಾರಣಿಯನ್ನಾಗಿ ಮಾಡಿದಳು. ಚಾನೆಲಿನ ಮಾಲೀಕರ ಭಾವಮೈದ ಚುನಾವಣೆಗೆ ನಿಂತಿದ್ದರು. ಹಳೆಯ ವಸ್ತುಗಳ ವ್ಯಾಪಾರಿ ಎಂದಳು. ನೂಡಲ್ಸ್ ಕಂಪನಿಯ ಯಜಮಾನರ ಹೆಂಡತಿಗೆ ಅಂಥದೇ ಅಂಗಡಿಯಿತ್ತು. ಮಠದ ಗುರುಗಳ ಹೆಸರು ಬಾಯಿಗೆ ಬರುವ ಮೊದಲೇ ಭಕ್ತರ ಸಂಘದಿಂದ ಪತ್ರ ಬಂತು. ವಿದೇಶಿ ಸಂಗ್ರಾಹಕ ಎಂದರೆ ಧಾರಾವಾಹಿ ಹನ್ನೊಂದು ದೇಶಕ್ಕೆ ಮಾರಾಟವಾಗಿತ್ತು. ಹೆಂಗಸು ಎಂದರೆ ಅಭಿಮಾನಿಗಳು ಸಿಟ್ಟಾಗುತ್ತಿದ್ದರು, ಏಕೆಂದರೆ ನಾಯಕರ ಹತ್ತು ಮಾರಿನೊಳಗೆ ಹೆಂಗಸು ಕಳ್ಳಿಯಾಗಿಯೂ ಸುಳಿಯಬಾರದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ಒಬ್ಬರೋ ಇಬ್ಬರೋ ಇರುತ್ತಾರೆ ಎಂದುಕೊಂಡಿದ್ದಳು ಸೈಬುವಾ. ಇಲ್ಲಿ ಇಡೀ ದೇಶ ಸಾಲುಗಟ್ಟಿ ಹೆಗಲು ಸವರಿಕೊಳ್ಳುತ್ತಿತ್ತು.

ಶೂಟಿಂಗಿಗೆ ಮೂರು ದಿನ ಇರುವಾಗ ಪಿಯಾದಾ ಪಾತ್ರಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಹೆಸರು ಹೊಡೆಯುತ್ತ ಬಂದಳು. ಕೊನೆಯ ಸಾಲಿಗೆ ಬಂದು ಪೆನ್ನು ನಿಲ್ಲಿಸಿದಳು.

"ಗುಡಿ ಗುಡಿಸೋನು ಒಬ್ಬ ಇದಾನಲ್ಲ, ಮುದುಕ. ಇವನದ್ದು ಸಂಘ ಇದೆಯಾ?"

"ಇಲ್ಲ."

"ಪತ್ರ ಬರೆಯೋರು?"

"ಯಾರೂ ಇಲ್ಲ ಅಕ್ಕ. ಆದ್ರೆ ಅವನು ಕದ್ದಿಲ್ಲ."

"ಇಲ್ಲಿವರೆಗೆ ಕದ್ದಿಲ್ಲ" ಎಂದಳು ಪಿಯಾದಾ. "ನೀನು ಬರೆಯೋಕಾಗಲ್ಲ ಅಂದ್ರೆ ಹೇಳು, ಬೇಜಾರಿಲ್ಲ. ಹೊಸ ಹುಡುಗಿ ಒಬ್ಬಳಿದಾಳೆ, ಮಧ್ಯಾಹ್ನದ ಊಟದೊಳಗೆ ಬರೆದುಕೊಡ್ತಾಳೆ."

ಪಿಯಾದಾ ಕೆಟ್ಟವಳಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದೇ ಅವಳ ಕಸುಬು, ಅದರಲ್ಲೂ ಈ ಸಲ ಹಾವೇ ನಾಯಕ. ಸೈಬುವಾ ಎದ್ದುಹೋಗಬಹುದಿತ್ತು. ಹೋದರೆ ಆ ಹೊಸ ಹುಡುಗಿ ಗುಡಿಸುವವನಿಗೆ ಒಂದು ಕೇಡಿನ ನಗೆ, ಒಂದು ಕುಡಿತದ ಚಟ, ಮೂರ್ತಿಯನ್ನು ಮುದ್ದಿಸುವ ಒಂದು ದೃಶ್ಯ ಕೊಡುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಅಪ್ಪ ಅದನ್ನು ಊರವರ ಮಧ್ಯೆ ಕೂತು ನೋಡಬೇಕು. ಅತ್ತ ದರಿ, ಇತ್ತ ಪುಲಿ. "ನಾನೇ ಬರೀತೀನಿ" ಎಂದಳು.

ಬರೆಯಲು ಕಲ್ಪನೆ ಬೇಕಾಗಲಿಲ್ಲ. ಆರೋಪಿಯಿಂದ ತಪ್ಪೊಪ್ಪಿಗೆ ಬರೆಸಿಕೊಂಡ ಮೇಲೆ ಪೊಲೀಸರು ಮಾಡಿಸುವ ಕಳ್ಳತನದ ಅಭಿನಯ ಇದ್ದೇ ಇರುತ್ತದಲ್ಲ. ಅವನನ್ನು ಕಳ್ಳತನದ ಜಾಗಕ್ಕೆ ಕರೆತರುತ್ತಾರೆ, ಪತ್ರಿಕೆಯವರು ಬರುತ್ತಾರೆ, ಊರು ನೆರೆಯುತ್ತದೆ, ಅವನು ಕದ್ದದ್ದನ್ನು ಮೊದಲಿಂದ ಮಾಡಿ ತೋರಿಸಿ ಬೆರಳು ಚಾಚಿ ನಿಲ್ಲಬೇಕು, ಫೋಟೋ ತೆಗೆಯುತ್ತಾರೆ. ಖಾಮ್‌ಪನ್‌ನ ಅಭಿನಯದ ದಿನ ಸೈಬುವಾಳಿಗೆ ಹದಿನಾರು ವರ್ಷ. ಶಾಲೆಯಿಂದ ಬರುತ್ತಿದ್ದವಳು ಗುಂಪಿನ ಹಿಂದೆ, ಕಬ್ಬಿನ ಹಾಲಿನ ಗಾಡಿಯ ಮರೆಯಲ್ಲಿ ನಿಂತಿದ್ದಳು. ಪಕ್ಕದ ಹೆಂಗಸು "ಇವನ ಮಗಳು ನಿಮ್ಮ ಶಾಲೇನೇ ಅಲ್ವಾ?" ಎಂದಾಗ ಗೊತ್ತಿಲ್ಲ ಎಂದಿದ್ದಳು. ದಿನಾ ಕೆಳಗೇ ನಿಂತು ಹೂವಿಟ್ಟಿದ್ದ ಅಪ್ಪನಿಗೆ ಪೀಠ ಎಲ್ಲಿಂದ ಹತ್ತಬೇಕು ಗೊತ್ತಾಗಲಿಲ್ಲ. ಎಡಗೈ, ಎಡಗೈ, ಈ ಕಡೆಯಿಂದ ಎಂದು ಠಾಣಾಧಿಕಾರಿ ಹೇಳಿಕೊಟ್ಟ. ಎರಡು ಸಲ ತಪ್ಪಿದ. ಮೂರನೇ ಸಲ ತಟ್ಟನೆ ಎಲ್ಲವನ್ನೂ ಸರಿಯಾಗಿ ಮಾಡಿದ, ಪೀಠ ಹತ್ತಿ, ಇಲ್ಲದ ಮೂರ್ತಿಯ ಸೊಂಟ ಹಿಡಿದು, ಒಂದೂ ತಪ್ಪಿಲ್ಲದೆ, ಕೈ ಪಳಗಿದವನ ಹಾಗೆ. ಆ ಮೂರನೇ ಸಲ ಸೈಬುವಾಳ ಎದೆಯಲ್ಲಿ ಒಂದು ಮುಳ್ಳು ಮುರಿದು ಉಳಿಯಿತು. ಇವನೇ ಕದ್ದಿದ್ದರೆ ಎಂಬ ಮುಳ್ಳು. ಯಾರಿಗೂ ಹೇಳಿರಲಿಲ್ಲ. ಕಳ್ಳನ ಹೆಸರನ್ನು ದೇಶದ ಮುಂದೆ ಕೂಗಿ ಹೇಳಿದರೆ ಮುಳ್ಳು ತಾನಾಗಿ ಕಿತ್ತುಬರುತ್ತದೆ ಎಂದು ಅವಳು ಆರು ವರ್ಷ ಮೆಟ್ಟಿಲು ಸವೆಸಿದ್ದು.

ಈಗ ಅವಳು ಆ ದಿನವನ್ನು ಇದ್ದದ್ದು ಇದ್ದ ಹಾಗೆ ಬರೆದಳು. ಮೂರನೇ ಸಲವನ್ನು ಮಾತ್ರ ಬರೆಯಲಿಲ್ಲ, ಅದಕ್ಕೆ ಕೈ ಬರಲಿಲ್ಲ. ದೃಶ್ಯ ಎರಡನೇ ತಪ್ಪಿಗೆ ನಿಲ್ಲುತ್ತಿತ್ತು.

ಗುಡಿಸುವವನ ಪಾತ್ರ ಮಾಡುತ್ತಿದ್ದವನು ಬುನ್‌ಲೋಮ್, ಲಿಕೇ ಬಯಲಾಟದಲ್ಲಿ ನಲವತ್ತು ವರ್ಷ ರಾಜನ ವೇಷ ಹಾಕಿದ್ದ ಮುದುಕ. ಹನ್ನೊಂದು ಕಂತು ಪೊರಕೆ ಹಿಡಿದು ಹಿಂದೆ ಸುಳಿದವನಿಗೆ ಈಗ ಕಳ್ಳನ ಪಟ್ಟ ಸಿಕ್ಕಿ ಹಿಗ್ಗಿಹೋಗಿದ್ದ. ತಾಲೀಮಿನಲ್ಲಿ ಬೆರಳು ತೋರಿಸು ಎಂದರೆ ಅವನ ಕೈ ತಾನಾಗಿ ಕಮಲದ ಮೊಗ್ಗಾಗಿ ಅರಳುತ್ತಿತ್ತು.

"ಅಜ್ಜ, ನೀನು ಕದ್ದಿದೀಯ, ವರ ಕೊಡ್ತಾ ಇಲ್ಲ" ಎಂದ ನಿರ್ದೇಶಕ.

"ಕದಿಯೋದ್ರಲ್ಲೂ ಒಂದು ಗತ್ತು ಬೇಡ್ವೇನಪ್ಪ?"

ಕರ್ನಲ್ ತವಾತ್‌ಗೆ ತಡೆಯಲಾಗಲಿಲ್ಲ. ಕುರ್ಚಿ ಬಿಟ್ಟು ಎದ್ದು ಬಂದರು. ಹೊಸ ಸ್ಕ್ರಿಪ್ಟು ಅವರು ಇನ್ನೂ ಓದಿರಲಿಲ್ಲ, ಆದರೂ ಅವರ ಬಾಯಿಂದ ಅದರ ಸಾಲುಗಳೇ ಬಂದವು. "ಎಡಗೈ, ಎಡಗೈ. ಬೆರಳು ನೆಟ್ಟಗೆ. ಗಲ್ಲ ಎತ್ತು, ಕ್ಯಾಮೆರಾ ನೋಡು. ಅಲ್ಲಲ್ಲ, ಮೂರ್ತಿ ಎತ್ತಿದ್ದು ಈ ಕಡೆಯಿಂದ, ನಾನು ತೋರಿಸ್ತೀನಿ ಬಾ." ಸೈಬುವಾ ಕಾಗದ ತೆರೆದು ನೋಡಿದಳು. ಅಧಿಕಾರಿ ಬೇರೆ, ಊರು ಬೇರೆ, ಮೂವತ್ತೊಂದು ವರ್ಷದಲ್ಲಿ ಒಂದು ಪದವೂ ಬದಲಾಗಿರಲಿಲ್ಲ.

ಕರ್ನಲರು ಆಮೇಲೆ ಓದಿದರು. ಅವರು ಕೆಂಪಾಗುತ್ತಾರೆ, ಹರಿದು ಬಿಸಾಡುತ್ತಾರೆ ಎಂದು ಅವಳು ಕಾದಳು. "ಎಷ್ಟು ವರ್ಷದಿಂದ ಧಾರಾವಾಹಿ ನೋಡ್ತಿದೀನಿ ತಂಗಿ, ನಮ್ಮ ಕೆಲಸಾನ ಇಷ್ಟು ಸರಿಯಾಗಿ ಯಾರೂ ತೋರಿಸಿರಲಿಲ್ಲ" ಎಂದು ಸಹಿ ಹಾಕಿದರು. ಪಿಯಾದಾ ನಿಟ್ಟುಸಿರು ಬಿಟ್ಟಳು.

ಫೀಮ್ ಮಾತ್ರ ನಾಗನ ಕಿರೀಟ ಕಂಕುಳಲ್ಲಿ ಇಟ್ಟುಕೊಂಡು ಅವಳ ಬಳಿ ಬಂದ. ಆ ದೃಶ್ಯದಲ್ಲಿ ಅವನು ಊರವರ ಗುಂಪಿನಲ್ಲಿ ನಿಂತು ನೋಡಬೇಕಿತ್ತು.

"ಅಕ್ಕ, ಈ ಅಜ್ಜ ಕದ್ದಿದ್ದಾನೆ ಅಂದ್ರೆ ಮೂರ್ತಿ ಯಾವ ಕಡೆಯಿಂದ ಎತ್ತಿದ್ದು ಅಂತ ಅವನಿಗೆ ಯಾಕೆ ಹೇಳಿಕೊಡ್ತಿದಾರೆ?"

"ನೀನೇನು ಅಂದ್ಕೊಂಡೆ?"

"ಅವನು ಕದ್ದಿಲ್ಲ ಅಂತ." ಕಿರೀಟವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಅಂದ, "ನಾನು ನಾಗ ಅಲ್ವಾ, ನನಗೆ ಗೊತ್ತಿರುತ್ತೆ. ಗೊತ್ತಿದ್ದೂ ಸುಮ್ಮನೆ ನಿಂತಿರ್ತೀನಾ?"

"ಹೌದು, ಸುಮ್ಮನೆ ನಿಂತಿರ್ತೀಯ" ಎಂದಳು ಸೈಬುವಾ. ಶಾಟ್‌ನಲ್ಲಿ ಹುಡುಗ ಸುಮ್ಮನೆಯೇ ನಿಂತ, ಆದರೆ ಕಣ್ಣಿಂದ ನೀರು ಇಳಿಯಿತು. ಯಾರೂ ಬರೆದದ್ದಲ್ಲ ಅದು. ಮುಂದಿನ ಶಾಟ್‌ನಲ್ಲಿ ಗರುಡ ಬಂದು ಅವನ ಕೈ ಹಿಡಿದ.

ಶುಕ್ರವಾರ ಹನ್ನೆರಡನೇ ಕಂತು ಬಂತು. ನಾಗರಾಜಕುಮಾರನ ಕಣ್ಣೀರಿನ ಬಗ್ಗೆ ಹತ್ತು ಲಕ್ಷ ಜನ ಬರೆದರು. ಅವನು ಅತ್ತದ್ದು ಗರುಡನನ್ನು ಅಗಲಬೇಕಲ್ಲ ಎಂದು ಎನ್ನುವವರ ಒಂದು ಬಣ, ಹಿಂದಿನ ಜನ್ಮ ನೆನಪಾಗಿ ಎನ್ನುವವರ ಒಂದು ಬಣ. ಎರಡೂ ಬಣದವರು ಬೆಳಗಾಗುವ ತನಕ ಕಿತ್ತಾಡಿದರು. ಆ ಕಣ್ಣೀರಿನ ಪಕ್ಕದಲ್ಲಿ ನಿಂತಿದ್ದ ಮುದುಕನನ್ನು ಅವರು ತಾವು ಹಂಚಿಕೊಂಡ ಚಿತ್ರಗಳಿಂದ ಕತ್ತರಿಸಿದ್ದರು, ಅಡ್ಡ ಬರುತ್ತಾನೆ ಅಂತ. ನೂಡಲ್ಸ್ ಕಂಪನಿ ಹೂಗುಚ್ಛ ಕಳಿಸಿತು. ಸೈಬುವಾ ಅದನ್ನು ಬಚ್ಚಲಿನಲ್ಲಿಟ್ಟಳು.

ಶನಿವಾರ ಬೆಳಗ್ಗೆ ಅಪ್ಪನ ಫೋನ್ ಬಂತು. ಅವಳು ಎತ್ತಿದವಳೇ, "ತಪ್ಪಾಯ್ತು ಅಪ್ಪ. ಕಳ್ಳ ಯಾರು ಅಂತ ಹೇಳ್ತೀನಿ ಅಂದಿದ್ದೆ, ಆಗಲಿಲ್ಲ" ಎಂದಳು.

"ಹೇಳಿದೆಯಲ್ಲ. ಹೇಳಿಕೊಡ್ತಿದ್ದೋನಿಗೆ ಮೂರ್ತಿ ಯಾವ ಕಡೆಯಿಂದ ಎತ್ತಿದ್ದು ಅಂತ ಸರಿಯಾಗಿ ಗೊತ್ತಿತ್ತು, ಮುದುಕನಿಗೆ ಗೊತ್ತಿರಲಿಲ್ಲ. ಎಲ್ಲರೂ ಪಂಚಾಯ್ತಿ ಟೀವಿ ಮುಂದೆ ಕೂತಿದ್ವಿ. ಯಾರೂ ಮಾತಾಡ್ಲಿಲ್ಲ. ಇವತ್ತು ಈಗ ಗುಡಿ ಗುಡಿಸೋ ಹೆಂಗಸು ಬಂದು, ಸೊಂಟ ನೋವು, ನಾಳೆಯಿಂದ ನೀನೇ ಗುಡಿಸ್ತೀಯಾ ಅಂತ ಕೇಳಿದ್ಲು. ಅವಳಿಗೆ ಸೊಂಟ ಗಟ್ಟಿಯಾಗೇ ಇದೆ." ಮುದುಕ ಸ್ವಲ್ಪ ನಕ್ಕ. "ಆದ್ರೆ ನೀನೊಂದು ಬಿಟ್ಟೆ. ಎರಡು ಸಲಕ್ಕೇ ನಿಲ್ಲಿಸಿದೆ. ನಾನು ಮೂರನೇ ಸಲ ಸರಿಯಾಗಿ ಮಾಡಿದ್ದೆ."

"ಹೇಗೆ ಮಾಡಿದೆ ಅಪ್ಪ?" ಎಂದು ಸೈಬುವಾ ಕೇಳಿದಳು. ಮೂವತ್ತೊಂದು ವರ್ಷ ಕೇಳದ ಪ್ರಶ್ನೆ ಅದು. ಕೇಳುವಾಗ ಅವಳಿಗೆ ಭಯವಾಯಿತು.

"ಎರಡನೇ ಸಲ ತಲೆ ಎತ್ತಿದಾಗ ನೀನು ಕಾಣಿಸಿದೆ, ಕಬ್ಬಿನ ಹಾಲಿನ ಗಾಡಿ ಹಿಂದೆ, ಸ್ಕೂಲ್ ಬಟ್ಟೇಲಿ. ನಾನು ತಪ್ಪಿದಷ್ಟು ಸಲ ಮತ್ತೆ ಮಾಡಿಸ್ತಾರೆ, ಮಗು ಅಲ್ಲೇ ನಿಂತು ಎಲ್ಲಾ ನೋಡ್ಬೇಕು. ಅದಕ್ಕೇ ಅವನು ಹೇಳಿದ್ದನ್ನೆಲ್ಲ ಗಮನ ಇಟ್ಟು ಕೇಳಿ, ಒಂದೇ ಏಟಿಗೆ ಮುಗಿಸಿದೆ. ಮುಗಿದ್ರೆ ನೀನು ಮನೆಗೆ ಹೋಗ್ತೀಯಲ್ಲ ಅಂತ."

ಸೈಬುವಾ ಫೋನ್ ಕಿವಿಗೆ ಹಿಡಿದುಕೊಂಡೇ ಅತ್ತಳು. ಇಷ್ಟು ವರ್ಷ ಅವಳು ಅಪ್ಪನನ್ನು ಅನುಮಾನಿಸಿದ್ದು, ಅವನು ಅವಳಿಗಾಗಿ ಮಾಡಿದ ಆ ಒಂದು ಕೆಲಸದಿಂದ.