ಸೈಕಲ್ಲಿಗೆ ಸೀಗೆಪುಡಿ

ಅಡವಯ್ಯನವರು ಕೊರಳವರೆಗೆ ಕೆಸರು ಮೆತ್ತಿಕೊಂಡು, ಸೈಕಲ್ ತಳ್ಳಿಕೊಂಡು ಬಂದು ಬಾಗಿಲಲ್ಲಿ ನಿಂತಾಗ ನಾನು ಮೊದಲು ಬೈದೆ, ಆಮೇಲೆ ಗಾಯ ನೋಡಿದೆ. ನನ್ನ ಸ್ವಭಾವವೇ ಹಾಗೆ. ಹೆದರಿಕೆಯಾದರೆ ಬೇರೆ ಹೆಂಗಸರಿಗೆ ಅಳು ಬರುತ್ತದೆ, ನನಗೆ ಬಾಯಿ ಬರುತ್ತದೆ. ಕಟ್ಟಿಕೊಂಡ ಗಂಡನಿಗೆ ಅದು ಅಭ್ಯಾಸವಾಗಿ ಹೋಗಿತ್ತು. ಮೊಣಕೈ ತರಚಿತ್ತು, ಮಿಕ್ಕಂತೆ ಮೈಗೆ ಏನೂ ಆಗಿರಲಿಲ್ಲ. ಕ್ಯಾರಿಯರಿನ ಮೇಲಿದ್ದ ಬಳೆ ಪೆಟ್ಟಿಗೆಯನ್ನು ಅಲ್ಲಾಡಿಸಿದರೆ ಮಾತ್ರ ಒಳಗೆ ಬರೀ ಗಾಜಿನ ಚೂರಿನ ಸದ್ದು.

ನಮ್ಮದು ಬಳೆ ವ್ಯಾಪಾರ. ಕೊಡಿಗೇನಹಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯೇ ಅಂಗಡಿ, ಅದನ್ನು ನಾನು ನೋಡಿಕೊಳ್ಳುತ್ತಿದ್ದೆ. ಅವರು ಸೈಕಲ್ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಸುತ್ತಲ ಹಳ್ಳಿಗಳಿಗೆ ಹೋಗಿ ಬರುತ್ತಿದ್ದರು. ಎಪ್ಪತ್ತೆಂಟರ ವಿಜಯದಶಮಿಯ ಮಾರನೇ ದಿನ ಕರೇಕಲ್ ಹಟ್ಟಿಗೆ ಹೊರಟಿದ್ದರು. ಅಲ್ಲಿ ಕುರಿ ಸಾಕುವ ಕಾಟಪ್ಪನ ಹೆಂಡತಿ ಕೊಲ್ಲಾಪುರಮ್ಮ ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ಅವಳಿಗೆ ಹಸಿರು ಬಳೆ ತೊಡಿಸುವ ಶಾಸ್ತ್ರ. ದಾರಿಯಲ್ಲಿ ಒಂದು ದೊಡ್ಡ ಇಳಿಜಾರು. ಅದರ ಬುಡದಲ್ಲಿ ರಸ್ತೆ ಸರಕ್ಕನೆ ಎಡಕ್ಕೆ ತಿರುಗಿ ಕೆರೆ ಏರಿಯ ಮೇಲೆ ಹೋಗುತ್ತದೆ. ರಸ್ತೆ ತಿರುಗಿತು, ಇವರ ಸೈಕಲ್ ತಿರುಗಲಿಲ್ಲ, ನೆಟ್ಟಗೆ ಕೆರೆಗೆ ಇಳಿಯಿತು.

"ಬ್ರೇಕ್ ಹಿಡೀಲಿಲ್ಲ ಕಣೇ," ಅಂದರು.

"ಮೊನ್ನೆ ತನಕ ಹಿಡೀತಿತ್ತಲ್ಲ, ಈವತ್ತೇನು ಬಂತು ಅದಕ್ಕೆ ರೋಗ?"

ಹಳೇ ಸೈಕಲ್ಲು, ಅವರ ಅಪ್ಪನ ಕಾಲದ್ದು. ಮಗುವಿನ ತಪ್ಪನ್ನು ಮುಚ್ಚಿಕೊಳ್ಳುವವರ ಹಾಗೆ ಅದನ್ನು ತಳ್ಳಿಕೊಂಡು ಹಿತ್ತಲಿಗೆ ಹೋದರು.

ಆ ವಾರದ ಕೊನೆಯಲ್ಲಿ ಕಾಟಪ್ಪನೇ ಮನೆಗೆ ಬಂದ. ಹೆಗಲ ಮೇಲಿನ ಕಂಬಳಿಯನ್ನೂ ಇಳಿಸದೆ ಜಗುಲಿಯ ಅಂಚಿಗೆ ಕೂತ.

"ಅಮ್ನೋರೆ, ನಮ್ಮೋಳು ಆವತ್ತಿಂದ ಸರಿಯಾಗಿ ಉಣ್ಣಾಕಿಲ್ಲ. ಗ್ವಾಡೆ ಕಡಿಕೆ ಮಕ ಮಾಡ್ಕೊಂಡು ಅಳ್ತಾ ಕುಂತಿರ್ತಾಳೆ. ಕಳದ ರಾತ್ರಿ ಹೊಟ್ಟೆ ನೋವು ಅಂತ ಒದ್ದಾಡಿಬುಟ್ಳು."

ನಾನು ಅಂಗಡಿ ಬಿಟ್ಟು ಎದ್ದು ಬಂದೆ. "ಬಳೆ ಹೋದ ವಿಷಯ ಅವಳಿಗೆ ಹೇಳಿದ್ರಾ?"

"ನಾವ್ಯಾರೂ ಹೇಳಿಲ್ಲ. ಬಸ್ರಿ ಹೆಂಗಸಿನ ಮುಂದೆ ಕೆಟ್ಟ ಸುದ್ದಿ ಎತ್ತಬ್ಯಾಡ್ರಿ ಅಂತ ನಮ್ಮವ್ವ ರಂಗಕ್ಕ ಎಲ್ಲರಿಗೂ ಕಟ್ಟು ಮಾಡವ್ಳೆ. ಕುರಿ ಕಾಯೋ ಹುಡುಗ್ರು ಏರಿತಾವ ನೋಡ್ಬುಟ್ಟು ಓಡ್ಬಂದು ಕೂಗಾಡಿದ್ರಲ್ಲ, ಅದು ಕಿವಿಗೆ ಬಿದ್ದದೆ. ನನ್ನ ಬಳೆ ಅಪಶಕುನ ಆಯ್ತು ಅಂತ ಮನಸಿಗೆ ಹಚ್ಕೊಂಡವ್ಳೆ. ಏನು ಕೇಳಿದ್ರೂ ಅದೆಲ್ಲ ನಿಂಗ್ಯಾಕೆ, ಸುಮ್ಕಿರು ಅಂತೀವಿ."

ಸೋಮವಾರ ಬೆಳಿಗ್ಗೆ ಶಾಸ್ತ್ರವನ್ನು ಮತ್ತೆ ಇಟ್ಟುಕೊಂಡಿದ್ದರು. ಬಳೆ ಒಂದೂ ಒಡೆದು ಹೋಗದ ಹಾಗೆ ತರಬೇಕು ಎಂದ. ಆಮೇಲೆ ನೆಲ ನೋಡುತ್ತ, "ಅಮ್ನೋರೇ ಬಂದು ತೊಡಿಸ್ಲಿ ಅಂದ್ಳು ಅವ್ವ. ಅಯ್ನೋರು ಮನೆ ಒಳಿಕೆ ಬರೋದು ಬ್ಯಾಡಂತೆ. ಅವರ್ನ ಕಂಡ್ರೆ ಅವಳಿಗೆ ಅದೇ ಗೆಪ್ತಿ ಬತ್ತದೆ," ಅಂದ.

ಒಳಗಿದ್ದ ಅಡವಯ್ಯನವರಿಗೆ ಎಲ್ಲವೂ ಕೇಳಿಸಿತ್ತು. ಆ ಹಟ್ಟಿಯ ಎಷ್ಟೋ ಹೆಣ್ಣುಮಕ್ಕಳ ಕೈ ಅಳತೆ ಅವರಿಗೆ ಕಣ್ಣಳತೆಯಲ್ಲೇ ಗೊತ್ತು. ಹೊರಗೆ ಬಂದು, "ಆಗಲಪ್ಪ," ಎಂದಷ್ಟೇ ಹೇಳಿದರು. ಅವರಿಗೆ ತುಂಬ ನೋವಾಗಿತ್ತು. ನನಗೂ ಆಯಿತು, ಆದರೆ ನನಗೆ ಅದಕ್ಕಿಂತ ಆ ಹುಡುಗಿಯ ಹೊಟ್ಟೆಯದೇ ಚಿಂತೆ. ಎರಡನೇ ಸಲವೂ ಬಳೆ ಚೂರಾದರೆ ಅವಳು ತಡೆದುಕೊಳ್ಳುತ್ತಾಳೆಯೇ?

ಆ ಕಡೆಗೆ ಬಸ್ಸಿಲ್ಲ. ಶಾಸ್ತ್ರದ ದಿನ ಹಟ್ಟಿಯ ಹೆಂಗಸರೆಲ್ಲ ಬಳೆ ಇಡಿಸಿಕೊಳ್ಳುವುದರಿಂದ ಪೆಟ್ಟಿಗೆ ತುಂಬ ಒಯ್ಯಬೇಕು, ತಲೆಯ ಮೇಲೆ ಹೊತ್ತು ನಡೆಯುವ ದೂರವಲ್ಲ. ಸೈಕಲ್ಲೇ ಗತಿ. ಸೈಕಲ್ಲಿಗೆ ಬ್ರೇಕಿಲ್ಲ.

ಸೈಕಲ್ ಅಂಗಡಿಯ ಕದಿರಯ್ಯನ ಹತ್ತಿರ ಹೋದರು. ಅವನು ಬ್ರೇಕ್ ರಬ್ಬರು ಮುಗಿದಿದೆ, ಹಿಂದೂಪುರದಿಂದ ಬರಬೇಕು, ಅದಿರಲಿ, ಈ ಗಾಡಿಗೆ ರಿಮ್ಮನ್ನೇ ಬದಲಾಯಿಸುವುದು ಒಳ್ಳೆಯದು ಎಂದನಂತೆ. ರಿಮ್ಮು ಎಂಬ ಮಾತು ಕಿವಿಗೆ ಬಿದ್ದದ್ದೇ ನಮ್ಮವರು ಸೈಕಲ್ ತಿರುಗಿಸಿಕೊಂಡು ಮನೆಗೆ ಬಂದರು. ಕೈ ಬಿಗಿ ಅಂದರೆ ಅಂಥಿಂಥ ಬಿಗಿಯಲ್ಲ. ಬಂದವರು ಬಾಗಿಲಲ್ಲಿದ್ದ ನನ್ನ ಹವಾಯಿ ಚಪ್ಪಲಿಯ ಹಿಮ್ಮಡಿ ಕೊಯ್ದು, ಆ ತುಂಡುಗಳನ್ನು ಬ್ರೇಕಿಗೆ ತುರುಕಿ ಬೀದಿಗೆ ಹೋದರು. ನಮ್ಮ ಬೀದಿ ಬಸವಣ್ಣನ ಗುಡಿಯ ಕಡೆಗೆ ಸ್ವಲ್ಪ ಇಳಿಜಾರು. ಗುಡಿ ದಾಟಿ ಯಾರದೋ ಹುಲ್ಲಿನ ಬಣವೆಗೆ ಗುದ್ದಿ ನಿಂತರು. ಚಪ್ಪಲಿಯೂ ಹೋಯಿತು, ಬ್ರೇಕೂ ಬರಲಿಲ್ಲ.

"ಬಣವೆ ಇಲ್ದಿದ್ರೆ ಎಲ್ಲಿ ನಿಲ್ತಿದ್ರಿ? ಮಧುಗಿರೀಲಾ?" ಅಂದೆ.

ರಿಮ್ಮಿಗೆ ಚಪ್ಪಲಿಯ ಪುಡಿ ಅಂಟಿಕೊಂಡಿತ್ತು. ಬೈಯುತ್ತಲೇ ಬೆರಳಿನಿಂದ ಒರೆಸಿದೆ. ಬೆರಳು ಜಿಗುಟು ಜಿಗುಟಾಯಿತು. ಮೂಸಿ ನೋಡಿದೆ. ಹರಳೆಣ್ಣೆ.

"ಇದಕ್ಕೆ ಹರಳೆಣ್ಣೆ ಯಾರು ಹಚ್ಚಿದ್ದು?"

"ನಾನೇ. ಆಯುಧಪೂಜೆ ದಿನ." ಅವರಿಗೆ ಅದರಲ್ಲಿ ತಪ್ಪೇನೂ ಕಾಣಿಸಿರಲಿಲ್ಲ. "ಪೂರ್ತಿ ಸೈಕಲ್ಲಿಗೆ ಹಚ್ಚಿ ಒರೆಸಿದ್ದೆ. ಹೆಂಗೆ ಮಿಂಚ್ತಿತ್ತು ನೀನೇ ನೋಡಿದೆಯಲ್ಲ. ಆಯುಧಕ್ಕೆ ಎಣ್ಣೆ ಹಚ್ಚದೆ ಯಾರಾದ್ರೂ ಪೂಜೆ ಮಾಡ್ತಾರೇನೆ?"

"ಕುಡುಗೋಲಿಗೆ ಹಚ್ಚಿ, ಕತ್ತರಿಗೆ ಹಚ್ಚಿ, ಬೇಡ ಅಂದೋರ್ಯಾರು? ಬ್ರೇಕು ಹಿಡಿಯೋ ಜಾಗಕ್ಕೆ ಎಣ್ಣೆ ಸವರಿದ್ರೆ ಅದು ಏನನ್ನ ಹಿಡೀಬೇಕು?"

ಅವರು ಬಗ್ಗಿ ತಾವೂ ರಿಮ್ಮಿಗೆ ಬೆರಳಾಡಿಸಿ ನೋಡಿದರು. ಆಮೇಲೆ, "ಒರೆಸಿದ್ದೆನಲ್ಲೇ," ಎಂದು ಮೆಲ್ಲಗೆ ಅಂದರು.

"ತಲೆಗೆ ಎಣ್ಣೆ ಒತ್ಕೊಂಡು ಟವೆಲ್ಲಲ್ಲಿ ಒರೆಸಿದ್ರೆ ಜಿಡ್ಡು ಹೋಗುತ್ತಾ? ಎಣ್ಣೆ ಹಚ್ಚಿದ ಮೇಲೆ ನೀರೂ ಹಾಕ್ಬೇಕು."

ಸೈಕಲ್ಲನ್ನು ಹಿತ್ತಲಲ್ಲಿ ತಲೆಕೆಳಗಾಗಿ ನಿಲ್ಲಿಸಿದೆವು. ಮೊದಲು ಒಲೆಯ ಬೂದಿ ಹಾಕಿ ತೆಂಗಿನ ನಾರಿನಿಂದ ರಿಮ್ಮಿನ ಒಳಸುತ್ತನ್ನೆಲ್ಲ ಉಜ್ಜಿದೆ. ಬೂದಿ ಕಪ್ಪಗೆ ಮುದ್ದೆಮುದ್ದೆಯಾಗಿ ಬಂತು. ಆಮೇಲೆ ಬಿಸಿನೀರು, ಸೀಗೆಪುಡಿ. ನಾನು ಉಜ್ಜುವುದು, ಅವರು ಚಕ್ರ ತಿರುಗಿಸುವುದು. ಪಕ್ಕದ ಮನೆಯ ಕರಿಬಸಮ್ಮ ಗೋಡೆಯ ಮೇಲಿಂದ ಇಣುಕಿ, "ಏನಮ್ಮ ದಾಕ್ಷಾಯಣಮ್ಮ, ಸೈಕಲ್ಲಿಗೆ ಎಣ್ಣೆನೀರು ಹಾಕ್ತಿದೀಯ, ಆರತಿ ಯಾವಾಗ?" ಎಂದಳು. ನಗು ಬಂದರೂ ನಾನು ನಗಲಿಲ್ಲ. ಸೋಮವಾರ ಹತ್ತಿರ ಬರುತ್ತಿತ್ತು.

ಹಳೇ ಬ್ರೇಕ್ ರಬ್ಬರುಗಳನ್ನು ಅವರು ಎಸೆದಿರಲಿಲ್ಲ. ಆ ಮನುಷ್ಯ ಏನನ್ನೂ ಎಸೆಯುವವರಲ್ಲ, ಆವತ್ತು ಅದೇ ಒಳ್ಳೆಯದಾಯಿತು. ರಬ್ಬರಿನ ಮುಖ ಗಟ್ಟಿಯಾಗಿ ನುಣ್ಣಗೆ ಹೊಳೆಯುತ್ತಿತ್ತು. ಅವನ್ನು ಬಚ್ಚಲ ಕಲ್ಲಿಗೆ ಹಾಕಿ, ಗಂಧ ತೇಯುವವರ ಹಾಗೆ ಕೂತು ತೇಯ್ದರು. ಮೇಲಿನ ಪದರ ಸವೆದು ಒಳಗಿನ ಒರಟು ರಬ್ಬರು ಕಾಣುವವರೆಗೂ ಬಿಡಲಿಲ್ಲ. ಮತ್ತೆ ಜೋಡಿಸಿ, ಸಡಿಲವಾಗಿದ್ದ ಬ್ರೇಕಿನ ಕಡ್ಡಿಗಳನ್ನು ಬಿಗಿ ಮಾಡಿದರು. ಹೊಸದಾಗಿ ತಂದದ್ದು ಏನೂ ಇಲ್ಲ.

ಚಕ್ರ ಪೂರ್ತಿ ಒಣಗಿದ ಮೇಲೆ ಬೀದಿಗೆ ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ. ಇಳಿಜಾರಿನ ನಡುವೆ ಬ್ರೇಕು ಒತ್ತಿದರು. ಸೈಕಲ್ ಕಿರ್ರೆಂದು ಅಲ್ಲೇ ನಿಂತುಬಿಟ್ಟಿತು, ಗುಡಿ ಇನ್ನೂ ಅಷ್ಟು ದೂರವಿತ್ತು. ಅವರು ತಿರುಗಿ ನೋಡಿ ಹಲ್ಲು ಬಿಟ್ಟರು. ವಾಪಸ್ ಮೇಲಕ್ಕೆ ತಳ್ಳಿಕೊಂಡು ಬಂದು ಇನ್ನೊಂದು ಸಲ ಇಳಿದರು. ಮತ್ತೊಂದು ಸಲ. ಬೀದಿಯವರೆಲ್ಲ ನಗತೊಡಗಿದ ಮೇಲೆ ನಾನೇ ಹೋಗಿ ಕರೆದುಕೊಂಡು ಬಂದೆ.

ಸೋಮವಾರ ಬೆಳಿಗ್ಗೆ ಪೆಟ್ಟಿಗೆಯ ಒಳಗೆ ಹಳೇ ಸೀರೆ ಒತ್ತಾಗಿ ಹಾಸಿ ಬಳೆ ಜೋಡಿಸಿದೆ. ಪೆಟ್ಟಿಗೆ ನನ್ನ ತೊಡೆಯ ಮೇಲೆ, ನಾನು ಕ್ಯಾರಿಯರಿನ ಮೇಲೆ. ಇಳಿಜಾರು ಬಂದಾಗ, "ಇಳಿದು ನಡೀಲಾ?" ಅಂದೆ. "ನಂಬಿಕೆ ಇಲ್ವೇನೆ?" ಅಂದರು. ಆ ಮಾತಿಗೆ ಕಟ್ಟುಬಿದ್ದು ಕೂತೆ. ಅವರು ಬ್ರೇಕನ್ನು ಹಿಡಿದು ಹಿಡಿದು ಬಿಡುತ್ತ ಇಳಿಸತೊಡಗಿದರು. ಇನ್ನೇನು ತಿರುವು ಬಂತು ಅನ್ನುವಾಗ ಜಾಲಿ ಮೆಳೆಯ ಒಳಗಿಂದ ಕುರಿ ಮಂದೆ ರಸ್ತೆಗೆ ನುಗ್ಗಿತು. ಅತ್ತ ಕುರಿ, ಇತ್ತ ಕೆರೆ. ಅವರು ಎರಡು ಬ್ರೇಕನ್ನೂ ಒಟ್ಟಿಗೆ ಒತ್ತಿದರು. ನನ್ನ ಹಣೆ ಅವರ ಬೆನ್ನಿಗೆ ಬಡಿಯಿತು. ಕಣ್ಣು ಬಿಟ್ಟರೆ ಸೈಕಲ್ ನಿಂತಿತ್ತು, ಮುಂದಿನ ಚಕ್ರವನ್ನು ಒಂದು ಕುರಿ ಮೂಸುತ್ತಿತ್ತು. ಪೆಟ್ಟಿಗೆ ಅಲ್ಲಾಡಿಸಿ ನೋಡಿದೆ, ಚೂರಿನ ಸದ್ದಿಲ್ಲ. ಜೀವ ಹೋಗಿ ಬಂದ ಹಾಗಾಯಿತು. ಅಲ್ಲೇ ಇಳಿದು ರಸ್ತೆಯ ಮೇಲೆ ಕೂತುಬಿಟ್ಟೆ. ಬೈಯೋಣವೆಂದರೆ ಆವತ್ತು ಬಾಯಿಗೆ ಒಂದು ಮಾತೂ ಬರಲಿಲ್ಲ.

ಹಟ್ಟಿಯ ಹೊರಗಿನ ಹೊಂಗೆ ಮರದ ಹತ್ತಿರ ಅವರು ಸೈಕಲ್ ನಿಲ್ಲಿಸಿದರು. "ಹೋಗಿ ಬಾ, ನಾನಿಲ್ಲೇ ಇರ್ತೀನಿ," ಎಂದು ಮುಖ ಆ ಕಡೆ ತಿರುಗಿಸಿಕೊಂಡರು. ಕಾಟಪ್ಪ ಪೆಟ್ಟಿಗೆ ತೆಗೆದುಕೊಂಡ, ನಾನು ಅವನ ಹಿಂದೆ ಹೋದೆ.

ಕೊಲ್ಲಾಪುರಮ್ಮ ಕಂಬಳಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಅವಳ ಅತ್ತೆ ರಂಗಕ್ಕ ತಾನೇ ಪೆಟ್ಟಿಗೆಯ ಮುಚ್ಚಳ ತೆಗೆದು, "ನೋಡವ್ವ, ಒಂದೂ ಹೋಗಿಲ್ಲ. ಹೆಂಗ್ ಹೊಳೀತವೆ ನೋಡು, ಇನ್ನೇನು ಚಿಂತೆ?" ಎಂದಳು.

ಹುಡುಗಿ ಬಳೆಗಳ ಕಡೆ ನೋಡಲೇ ಇಲ್ಲ. ನನ್ನ ಹಣೆಯ ಕುಂಕುಮ ನೋಡಿದಳು. ಆಮೇಲೆ ನನ್ನ ಎರಡೂ ಕೈಗಳನ್ನು ಹಿಡಿದು ಎಳೆದುಕೊಂಡು, ನನ್ನ ಕೈಯಲ್ಲಿದ್ದ ಬಳೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

"ಅಯ್ನೋರು ಬದುಕವ್ರಾ ಅಮ್ನೋರೆ?"

ಒಳಗಿದ್ದ ಹೆಂಗಸರೆಲ್ಲ ಅವಳ ಕಡೆ ತಿರುಗಿದರು.

"ಕೆರೆಗೆ ಬಿದ್ದೋದ್ರು ಅಂತ ಹುಡುಗ್ರು ಕೂಗಿದ್ರು. ಆಮ್ಯಾಕೆ ಯಾರ್ನ ಕೇಳಿದ್ರೂ ಸುಮ್ಕಿರು ಸುಮ್ಕಿರು ಅಂತಾರೆ. ನನ್ನ ಬಳೆಗೋಸ್ಕರ ಬಂದು ಸತ್ತೋದ್ರು, ಬಸ್ರಿ ಅಂತ ನಂಗೆ ಮುಚ್ಚಿಡ್ತಾವ್ರೆ ಅಂದ್ಕಂಡೆ."

ರಂಗಕ್ಕ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕಂದ, ನಾವು ಬಳೆ ಬಳೆ ಅಂತ ಸಾಯ್ತಿದ್ರೆ ನೀನು ಇದ್ನಾ ನುಂಗ್ಕೊಂಡು ಕುಂತಿದ್ದೆ?"

ನಾನು ಎದ್ದು ಬಾಗಿಲಿಗೆ ಓಡಿದೆ. "ಏನೂಂದ್ರೆ! ಬನ್ನಿ ಇಲ್ಲಿ, ಬೇಗ!" ಎಂದು ಹಟ್ಟಿಗೆಲ್ಲ ಕೇಳುವ ಹಾಗೆ ಕೂಗಿದೆ.

ಅವರು ಗಾಬರಿಯಿಂದ ಓಡಿ ಬಂದು ಹೊಸ್ತಿಲ ಹೊರಗೇ ನಿಂತರು. ರಂಗಕ್ಕನೇ ಕಾಲಿಗೆ ನೀರು ಕೊಟ್ಟು, "ಒಳಿಕೆ ಬನ್ನಿ ಅಯ್ನೋರೆ, ನಂದೇ ತಪ್ಪಾಯ್ತು," ಎಂದು ಕರೆದಳು. ಕೊಲ್ಲಾಪುರಮ್ಮ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಅಳುತ್ತಲೇ ನಕ್ಕಳು. ಅವರಿಗೆ ವಿಷಯ ತಿಳಿದಾಗ ಕಣ್ಣು ಒದ್ದೆಯಾಯಿತು. ಅದನ್ನು ತೋರಿಸಿಕೊಳ್ಳದೆ ಅವಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

"ಆ ಕೆರೇಲಿ ಮೊಣಕಾಲುದ್ದ ನೀರು ಕಣವ್ವ. ಅದ್ರಾಗೆ ಸಾಯ್ಬೇಕು ಅಂದ್ರೆ ಬೇಕಂತ್ಲೇ ಮಲಗ್ಬೇಕು. ಕೈ ಕೊಡು."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅವಳು ಎಡಗೈ ಚಾಚಿದಳು. ಅವರು ಅವಳ ಬೆರಳುಗಳನ್ನು ಮೆಲ್ಲಗೆ ಒತ್ತಿ ಕೂಡಿಸಿ, ಒಂದೊಂದೇ ಹಸಿರು ಬಳೆ ಏರಿಸತೊಡಗಿದರು. ಅವಳು ಅವರ ಮುಖವನ್ನೇ ನೋಡುತ್ತ ಕೂತಿದ್ದಳು.