ಎರಡೂ ಕಣ್ಣಿಗೆ ಕುಂಕುಮ

ನಾನು ಒಂದು ಸಾಕೆಟ್. ಎರಡು ಕಣ್ಣು, ಒಳಗೆ ಹಿತ್ತಾಳೆಯ ಎರಡು ನಾಲಿಗೆ, ಹೊರಗೆ ಬಿಳಿ ಪ್ಲಾಸ್ಟಿಕ್ ಮೈ. ಅಚ್ಚಿನಿಂದ ಬಿಸಿಬಿಸಿಯಾಗಿ ಉದುರಿದಾಗ ಸುತ್ತಲೂ ನನ್ನಂಥವರದೇ ರಾಶಿ. ಎಲ್ಲರೂ ಗೋಡೆಯ ಕನಸು ಕಂಡವರೇ. ಟಿ.ವಿ. ಪಕ್ಕದ ಗೋಡೆ ಸಿಕ್ಕಿದರೆ ಪುಣ್ಯ, ಬಚ್ಚಲಿನ ಗೋಡೆ ಸಿಕ್ಕಿದರೆ ಕರ್ಮ. ದೋಣಿಯ ವಿಷಯ ನಮಗೆ ಯಾರೂ ಹೇಳಿರಲಿಲ್ಲ.

ನನ್ನನ್ನು ಕೊಂಡವನು ಮಾಸ್ತಪ್ಪ ಅಂಬಿಗ. ಕುಮಟೆ ಕಡೆಯ ಬಂದರಿನಲ್ಲಿ ಮೀನುದೋಣಿಯ ತಾಂಡೇಲ, ಅಂದರೆ ದೋಣಿ ನಡೆಸುವವನು. ಅವನ ವೈರ್‌ಲೆಸ್ ಸೆಟ್ಟಿಗೆ ಬ್ಯಾಟರಿಯಿಂದ ಕರೆಂಟು ಬೇಕಿತ್ತು. ವಯರಿಂಗಿಗೆ ಬಂದ ಜೋಕೀಂ ನನ್ನನ್ನು ನೋಡಿ ಮುಖ ಹುಳ್ಳಗೆ ಮಾಡಿದ.

"ಇದು ಮನೆಯದ್ದು ಮಾರಾಯಾ. ದೋಣಿಗೆ ಬೇರೆ ಬರ್ತದೆ. ಅದರ ಪ್ಲಗ್ಗು ಒಂದೇ ಬದಿಗೆ ಕೂರೂದು. ತಿರುಪಿನ ಮುಚ್ಚಳ ಉಂಟು, ನೀರೂ ಹೋಗೂದಿಲ್ಲ, ಕಳಚೂದೂ ಇಲ್ಲ."

"ಕರೆಂಟಿಗೆ ಮನೆ ಯಾವ್ದು, ದೋಣಿ ಯಾವ್ದು? ಇದ್ನೇ ಹಾಕು," ಎಂದ ಮಾಸ್ತಪ್ಪ.

"ಮನೆಯಲ್ಲಿ ಪ್ಲಗ್ಗು ಹೆಂಗೆ ಹಾಕಿದ್ರೂ ನಡೀತದೆ. ಬ್ಯಾಟರಿಗೆ ಪ್ಲಸ್ಸು ಮೈನಸ್ಸು ಉಂಟು. ಉಲ್ಟಾ ಹಾಕಿದ್ರೆ ಸೆಟ್ಟು ಸುಟ್ಟೇ ಹೋಗ್ತದೆ."

ಮಾಸ್ತಪ್ಪ ಹಿಡಿದ ಪಟ್ಟು ಬಿಡುವವನಲ್ಲ. ಕೊನೆಗೆ ಜೋಕೀಂ ನನ್ನ ಒಂದು ಕಣ್ಣಿನ ಬಳಿ ಕೆಂಪು ಬಣ್ಣದ ಬೊಟ್ಟಿಟ್ಟ, ಪ್ಲಗ್ಗಿನ ಒಂದು ಬದಿಗೂ ಇಟ್ಟ. ಕೆಂಪಿಗೆ ಕೆಂಪು ಸೇರಿಸಿದರೆ ಆಯಿತು.

ಚುಕ್ಕಾಣಿಯ ಪಕ್ಕದ ಹಲಗೆಗೆ ನನ್ನನ್ನು ಸ್ಕ್ರೂ ಹಾಕಿ ಬಿಗಿದರು. ಅಂದಿನಿಂದ ನಾನು ಸೆರೆಯಾಳು. ಲೋಕವೆಲ್ಲ ತೂಗಾಡುತ್ತದೆ, ನಾನು ಮಾತ್ರ ಮಿಸುಕುವಂತಿಲ್ಲ. ಉಪ್ಪುಗಾಳಿ ಒಳಗೆ ನುಗ್ಗಿ ನಾಲಿಗೆಗೆ ಹಸಿರು ಕಿಲುಬು ಹಿಡಿಯಿತು. ಸ್ಕ್ರೂಗಳು ತುಕ್ಕು ಹಿಡಿದು ಹಲಗೆಯನ್ನು ಕಚ್ಚಿಕೊಂಡವು. ಮೂತಿಯಲ್ಲಿ ಸದಾ ಪ್ಲಗ್ಗು ತುರುಕಿರುತ್ತಿತ್ತು, ಉಸಿರೇ ಕಟ್ಟುತ್ತಿತ್ತು. ಒಂದೇ ಸಮಾಧಾನವೆಂದರೆ ನನ್ನ ಕರೆಂಟಿನಿಂದ ಮಾತು ಹುಟ್ಟುತ್ತಿತ್ತು. "ಎಲ್ಲಿದ್ದೀಯೋ, ಬಂಗಡೆ ಸಿಕ್ತಾ, ನಿದ್ದೆ ಸಿಕ್ತಾ?" ಎಂದು ತಾಂಡೇಲರು ಒಬ್ಬರನ್ನೊಬ್ಬರು ಕಿಚಾಯಿಸುವಾಗ ನನಗೂ ಖುಷಿಯಾಗುತ್ತಿತ್ತು.

ಆಯುಧಪೂಜೆಗೆ ಮಾಸ್ತಪ್ಪನ ಹೆಂಡತಿ ಯಮುನೆ ದೋಣಿ ತೊಳೆಯಲು ಬಂದಳು. ಪ್ಲಗ್ಗು ಕಿತ್ತು, ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ನನ್ನನ್ನು ಒರೆಸಿದಳು. ಅಷ್ಟು ಅಕ್ಕರೆಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಕೆಂಪು ಬೊಟ್ಟು ಅವಳ ಕಣ್ಣಿಗೆ ಬಿತ್ತು.

"ಅಯ್ಯ, ಹೋದ ವರ್ಷ ಒಂದೇ ಬದಿಗೆ ಕುಂಕುಮ ಇಟ್ಟಾರೆ. ಈ ಬದಿ ಎಂತಾ ಪಾಪ ಮಾಡಿತ್ತು?"

ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ನನ್ನ ಇನ್ನೊಂದು ಕಣ್ಣಿಗೂ, ಪ್ಲಗ್ಗಿನ ಇನ್ನೊಂದು ಬದಿಗೂ ಇಟ್ಟು ಕೈಮುಗಿದಳು. ಬೇಡಮ್ಮಾ ಎಂದು ಕೂಗಬೇಕೆನಿಸಿತು. ಎರಡು ನಾಲಿಗೆಯಿದ್ದೂ ನಾನು ಮೂಗ.

ಮರುದಿನ ಅಳಿವೆ ದಾಟಿದ ಮೇಲೆ ಮಾಸ್ತಪ್ಪ ಕೆಂಪಿಗೆ ಕೆಂಪು ನೋಡಿಯೇ ಪ್ಲಗ್ಗು ಹಾಕಿದ. ಚಟ್ ಎಂದಿತು. ಸುಟ್ಟ ವಾಸನೆ ಬಂತು, ಸೆಟ್ಟು ಸತ್ತಿತು. ಸಮುದ್ರ ತಣ್ಣಗಿತ್ತು, ಒಂದು ಸಲ ಬಲೆ ಎಳೆದು ಹಿಂತಿರುಗೋಣವೆಂದುಕೊಂಡರು. ಆ ಬಲೆಯೇ ದೋಣಿಯಡಿ ನೀರಿನಲ್ಲಿ ತಿರುಗುವ ಫ್ಯಾನಿಗೆ ಸುತ್ತಿಕೊಂಡು ಎಂಜಿನ್ ನಿಂತಿತು. ಅಷ್ಟರಲ್ಲಿ ಗಾಳಿಯೂ ಎದ್ದು, ದೋಣಿ ನಡುಗಡ್ಡೆಯ ಬಂಡೆಗಳತ್ತ ಸರಿಯತೊಡಗಿತು. ಲಂಗರು ಹಿಡಿಯಲಿಲ್ಲ. ಮೊಬೈಲಿಗೆ ಸಿಗ್ನಲ್ಲಿಲ್ಲ. ದೂರದಲ್ಲಿ ಬೇರೆ ದೋಣಿ ಕಾಣುತ್ತಿತ್ತು, ಕರೆಯುವುದು ಹೇಗೆ? ಬ್ಯಾಟರಿಯ ಶಕ್ತಿಯೆಲ್ಲ ನನ್ನ ಬಾಯಲ್ಲಿ ತುಂಬಿ ನಿಂತಿತ್ತು, ತೆಗೆದುಕೊಳ್ಳುವವರಿರಲಿಲ್ಲ. ನನಗೆ ಅಳು ಬಂದಂತಾಯಿತು.

ಮಾಸ್ತಪ್ಪ ಪ್ಲಗ್ಗು ಕಿತ್ತು ಉಗುರಿನಿಂದ ಕೆರೆದ. ಒಂದು ಬೊಟ್ಟು ಅಲ್ಲಾಡಲಿಲ್ಲ. ಇನ್ನೊಂದು ಉಗುರಿಗೇ ಬಂತು. ದೋಣಿಯಲ್ಲಿದ್ದ ಇನ್ನೊಬ್ಬನೆಂದರೆ ಈರಪ್ಪ, ಯಮುನೆಯ ತಮ್ಮ. ಅವನೂ ನೋಡಿದ.

"ನಿನ್ನ ಅಕ್ಕಂಗೆ ಇದು ಗೊತ್ತಾಗೂದು ಬೇಡ," ಎಂದ ಮಾಸ್ತಪ್ಪ.

"ಮೊದ್ಲು ಜೀವ ಉಳೀಲಿ ಭಾವ," ಎಂದವನೇ ಈರಪ್ಪ ಕತ್ತಿ ಹಿಡಿದು ನೀರಿಗಿಳಿದ. ಮುಳುಗಿ ಮುಳುಗಿ ಬಲೆ ಕೊಯ್ದ. ದೋಣಿ ಎಗರಿದಾಗ ಕತ್ತಿ ಜಾರಿ ಅವನ ಬಲಗೈಯನ್ನೂ ಕೊಯ್ದಿತು. ಎಂಜಿನ್ ಮತ್ತೆ ಚಾಲೂ ಆದಾಗ ಬಂಡೆ ಕೈಗೆಟಕುವಷ್ಟು ಹತ್ತಿರವಿತ್ತು. ದಡ ಮುಟ್ಟುವ ಮುಂಚೆಯೇ ಮಾಸ್ತಪ್ಪ ಸೀಮೆಎಣ್ಣೆಯಿಂದ ನನ್ನ ಮುಖ ಉಜ್ಜಿ ಕುಂಕುಮದ ಗುರುತೇ ಇಲ್ಲದಂತೆ ಮಾಡಿದ. ಕೇಳಿದವರಿಗೆಲ್ಲ, ತಾನೇ ನೋಡದೆ ಪ್ಲಗ್ಗು ಉಲ್ಟಾ ಹಾಕಿದೆನೆಂದ.

ಜೋಕೀಂ ದೋಣಿಗೆ ತಕ್ಕ ಸಾಕೆಟ್ ತಂದು ಕೂರಿಸಿದ. ಸ್ಕ್ರೂ ಬಿಚ್ಚಲಾಗದೆ ನನ್ನನ್ನು ಹಲಗೆಯ ಚೂರಿನ ಸಮೇತ ಕೊಯ್ದು ತೆಗೆದ. ಈಗ ಮಾಸ್ತಪ್ಪನ ಅಡುಗೆಮನೆಯ ಕಿಟಕಿಯ ಮೇಲಿದ್ದೇನೆ, ಇನ್ನೂ ಆ ಮರವನ್ನು ಕಚ್ಚಿಕೊಂಡೇ. ಇಲ್ಲಿಂದಲೂ ಎಲ್ಲಿಗೂ ಹೋಗುವಂತಿಲ್ಲ.

ಈರಪ್ಪನ ಗಾಯ ಮಾಯಿತು. ಆದರೆ ಬೆರಳು ಮಡಚುವುದಿಲ್ಲ, ಹಗ್ಗ ಹಿಡಿಯಲಾಗುವುದಿಲ್ಲ. ಯಮುನೆ ತಮ್ಮನ ಬಟ್ಟಲಲ್ಲಿ ಅನ್ನ ಕಲಸಿಕೊಡುವಾಗೆಲ್ಲ ಗಂಡನತ್ತ ತಿರುಗುತ್ತಿದ್ದಳು.

"ಪ್ಲಗ್ಗು ಹಾಕೂವಾಗ ಕಣ್ಣು ಎಲ್ಲಿತ್ತು ನಿಮ್ಗೆ? ನನ್ನ ತಮ್ಮನ ಕೈ ಕಳೆದ್ರಿ."

ಮಾಸ್ತಪ್ಪ ಮೀನಿನ ಮುಳ್ಳು ಬಿಡಿಸುತ್ತಿದ್ದ. ಈರಪ್ಪ ಎಡಗೈಯಿಂದ ಉಣ್ಣುತ್ತಿದ್ದ. ಆ ಅಡುಗೆಮನೆಯಲ್ಲಿ ನಾವು ಮೂವರೂ ಬಾಯಿ ಕಟ್ಟಿಕೊಂಡವರೇ. ನನಗಾದರೋ ಮಾತೇ ಇಲ್ಲ. ಮಾತಿದ್ದೂ ನುಂಗಿಕೊಳ್ಳುವುದು ಎಷ್ಟು ಕಷ್ಟವೆಂದು ಅವರಿಬ್ಬರನ್ನು ನೋಡಿಯೇ ತಿಳಿದೆ.

ಇವತ್ತು ಯಮುನೆ ಬೈಯಲಿಲ್ಲ. ಮೀನು ಬಡಿಸಿ, ಗಂಡನ ಎದುರು ಕುಳಿತಳು.

"ಹೋಗ್ಲಿ ಬಿಡಿ. ಬೇಕಂತ ಯಾರೂ ಮಾಡೂದಿಲ್ಲ. ಇನ್ನು ಅದರ ಮಾತು ಎತ್ತೂದಿಲ್ಲ ನಾನು."

ಈರಪ್ಪ ತುತ್ತು ನಿಲ್ಲಿಸಿ ಭಾವನ ಮುಖ ನೋಡಿದ. ಮಾಸ್ತಪ್ಪ ತಲೆ ತಗ್ಗಿಸಿದ.

"ಆತು," ಎಂದ. "ಇನ್ನು ಸರೀ ನೋಡಿ ಹಾಕ್ತೆ."